ಲಾಲ್‌ಬಾಗಿನ ಹೂಮರಗಳೂ ಬಯಲುಸೀಮೆಯ ಗ್ರಾಮಗಳೂ

(ಕಡೂರು ತಾಲ್ಲೂಕು ಹಿರೇನಲ್ಲೂರು ಹೋಬಳಿಯ ಗ್ರಾಮಮುಖಂಡರ ಮತ್ತು ಜಮೀನುದಾರರ ತಿಳಿವಳಿಕೆಗಾಗಿ)

ಬೆಂಗಳೂರಿನ ಲಾಲ್‌ಬಾಗ್ ಸಸ್ಯೋದ್ಯಾನವನ್ನು ಒಮ್ಮೆಯಾದರೂ ನೋಡಿಬಂದಿರುವ ಗ್ರಾಮಮುಖಂಡರು ನಮ್ಮ ಸೀಮೆಯಲ್ಲಿ ಅನೇಕರಿರುವರು. ಜನವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಬರಿಗೈಯಲ್ಲಿ ಹಿಂದಿರುಗುವುದು ಅಪರೂಪ. ಒಂದೆರಡು ಸಸಿಗಳೋ, ಒಂದು ಪೊಟ್ಟಣ ಬೀಜವೋ, ಅದೂ ಇಲ್ಲವಾದರೆ ನಮ್ಮೂರ ದೇವಸ್ಥಾನದ ಮುಂದೆಯೂ ಇಂಥದೊಂದು ಮರವಿದ್ದರೆ ಎಷ್ಟು ಶೋಭೆಯೆಂಬ ಆಸೆಯೋ ಅವರ ಸಂಗಡ ಬರುವುದುಂಟು. ಈ ಆಸೆಯು ಶ್ಲಾಘ್ಯವಾದುದೇ ಸರಿ. ಊರಿಗೆ ನೆರಳೂ ಹೂವೂ ಬೇಕೆಂದು ಬಯಸುವವನು ತನ್ನ ತಲೆಮಾರಿಗೆ ಮಾತ್ರವಲ್ಲದೆ ಮುಂದಿನವರಿಗೂ ಉಪಕಾರಮಾಡುವವನು.

ಆದರೆ ಹಾಗೆ ತಂದ ಸಸಿಗಳಲ್ಲಿ ಹಲವು ಎರಡನೆಯ ಬೇಸಗೆಯನ್ನು ಕಾಣದೆ ಒಣಗುವುವು. ಬದುಕಿದವುಗಳಲ್ಲಿ ಕೆಲವು ಗೋಡೆಯ ತಳವನ್ನು ಎತ್ತುವುವು; ಕೆಲವು ಮುಂಗಾರಿನ ಮೊದಲ ಗಾಳಿಗೆ ಕೊಂಬೆ ಮುರಿದು ಬೀಳುವುವು; ಇನ್ನು ಕೆಲವು, ನೆಟ್ಟವರು ಕನಸಿನಲ್ಲಿಯೂ ಎಣಿಸದ ರೀತಿಯಲ್ಲಿ, ಬೇಲಿಯನ್ನು ದಾಟಿ ಹೊಲಕ್ಕೂ ಕಾವಲಿಗೂ ಕೆರೆಗೂ ಹಬ್ಬಿ ತೊಡೆಯಲಾಗದ ಕಳೆಯಾಗುವುವು. ಆದುದರಿಂದ ಲಾಲ್‌ಬಾಗಿನಲ್ಲಿ ಕಂಡ ಯಾವ ಮರವನ್ನು ಹಿರೇನಲ್ಲೂರಿನ ನೆಲಕ್ಕೆ ತರಬಹುದು, ಯಾವುದನ್ನು ಅಲ್ಲಿಯೇ ನೋಡಿ ಸಂತೋಷಪಟ್ಟು ಬರಬೇಕು, ಯಾವುದನ್ನು ಖಂಡಿತವಾಗಿ ತರಬಾರದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

1. ಉದ್ಯಾನದ ಪೂರ್ವವೃತ್ತಾಂತ

ಲಾಲ್‌ಬಾಗನ್ನು 1760ನೆಯ ಇಸವಿಯಲ್ಲಿ ಹೈದರಾಲಿಯು ಪ್ರಾರಂಭಿಸಿದನು. ಶಿರಾದಲ್ಲಿದ್ದ ಮೊಗಲರ ರೀತಿಯ ತೋಟವೇ ಅವನಿಗೆ ಮಾದರಿಯಾಗಿದ್ದಿತೆಂದು ಹೇಳುವರು. ಅವನ ಮಗನಾದ ಟಿಪ್ಪು ಸುಲ್ತಾನನು ಪರದೇಶಗಳಿಂದ ಸಸಿಗಳನ್ನೂ ಬೀಜಗಳನ್ನೂ ತರಿಸಿ ತೋಟವನ್ನು ವೃದ್ಧಿಪಡಿಸಿದನು. 1799ರ ತರುವಾಯ ಈ ತೋಟವು ಹಲವರ ಕೈದಾಟಿ, 1856ರಲ್ಲಿ ಸರ್ಕಾರದ ಸಸ್ಯೋದ್ಯಾನವಾಯಿತು. ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ತರಬೇತಾದ ವಿಲಿಯಂ ನ್ಯೂ ಎಂಬವರು 1858ರಲ್ಲಿ ಇದರ ಸೂಪರಿಂಟೆಂಡೆಂಟರಾಗಿ ಬಂದರು. 1874ರಿಂದ 1908ರವರೆಗೆ ಜಾನ್ ಕ್ಯಾಮರನ್ನರು ಆ ಸ್ಥಾನದಲ್ಲಿದ್ದರು. ಎಲ್ಲರೂ ಬಲ್ಲ ಗಾಜಿನ ಮನೆಯ ಅಸ್ತಿಭಾರವನ್ನು ಹಾಕಿದುದು ಅವರ ಕಾಲದಲ್ಲಿ, 1889ನೆಯ ಇಸವಿ ನವೆಂಬರ್ 30ರಂದು. ಆ ಬಳಿಕ ಜರ್ಮನಿ ದೇಶದ ಕೃಂಬಿಗಲ್ಲರು 1908ರಿಂದ 1932ರವರೆಗೂ, ಅವರ ತರುವಾಯ ನಮ್ಮವರೇ ಆದ ಎಚ್. ಸಿ. ಜವರಾಯರೂ ಉದ್ಯಾನದ ಆಡಳಿತವನ್ನು ನಡೆಯಿಸಿದರು. ತೋಟಗಾರಿಕೆಗೆ 1963ರಲ್ಲಿ ಪ್ರತ್ಯೇಕ ಇಲಾಖೆಯು ಏರ್ಪಟ್ಟಿತು. ಉದ್ಯಾನದ ಈಗಿನ ವಿಸ್ತೀರ್ಣವು ಸುಮಾರು 240 ಎಕರೆಗಳು.

ಈ ವೃತ್ತಾಂತದಲ್ಲಿ ಜಮೀನುದಾರರು ಮುಖ್ಯವಾಗಿ ಗಮನಿಸಬೇಕಾದುದು ಒಂದುಂಟು. ಲಾಲ್‌ಬಾಗು ಕೇವಲ ನೋಟಕ್ಕಾಗಿ ಬೆಳೆಸಿದ ತೋಟವಲ್ಲ. ಹೊರನಾಡಿನ ಸಸ್ಯವೊಂದು ನಮ್ಮ ಹವೆಗೂ ಮಣ್ಣಿಗೂ ಒಗ್ಗುವುದೋ ಇಲ್ಲವೋ ಎಂದು ವರ್ಷಗಟ್ಟಲೆ ನೆಟ್ಟು ನೋಡಿ ತಿಳಿಯುವ ಪರೀಕ್ಷಾಕ್ಷೇತ್ರವೂ ಅದಾಗಿದ್ದಿತು. ಇಂದು ನಮ್ಮ ಜಿಲ್ಲೆಯ ಕಾಫಿ ತೋಟಗಳಲ್ಲೆಲ್ಲಾ ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತಿರುವ ಸಿಲ್ವರ್ ಓಕ್ ಮರವು ಆಸ್ಟ್ರೇಲಿಯದ ಪೂರ್ವತೀರದ್ದು. ಇಂತಹ ಪರದೇಶದ ಮರಗಳು ಮೊದಲು ಉದ್ಯಾನಗಳಲ್ಲಿ ನಿಂತು, ಬಳಿಕ ರೈತನ ಬಳಿಗೆ ಬಂದಂಥವು. ಲಾಲ್‌ಬಾಗಿನಲ್ಲಿ ಒಂದು ಮರವು ಚೆನ್ನಾಗಿ ಬೆಳೆದಿದೆ ಎಂದರೆ ಬೆಂಗಳೂರಿನ ಹವೆಯಲ್ಲಿ, ನುರಿತ ತೋಟದ ಮಾಲಿಗಳ ಆರೈಕೆಯಲ್ಲಿ, ಅದು ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ ಎಂದಷ್ಟೇ ಅರ್ಥ. ನಮ್ಮೂರಿನ ಪರೀಕ್ಷೆಯು ಬೇರೆ.

2. ಅಲ್ಲಿಯ ಹವೆ, ಇಲ್ಲಿಯ ಹವೆ

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿದ್ದು, ಅಲ್ಲಿ ವರ್ಷಕ್ಕೆ ಸುಮಾರು 38 ಅಂಗುಲ ಮಳೆಯಾಗುವುದು. ಉದ್ಯಾನದ ಪಕ್ಕದಲ್ಲಿಯೇ ಕೆರೆಯೂ ಇರುವುದು. ಕಡೂರಿನ ಬಯಲು ಅದಕ್ಕಿಂತ ತಗ್ಗಿನದು; ಬಾಬಾಬುಡನ್ ಬೆಟ್ಟಗಳು ಪಶ್ಚಿಮದ ಮೋಡಗಳನ್ನು ತಡೆದು ತಮ್ಮ ಮೇಲೆಯೇ ಸುರಿಸಿಕೊಳ್ಳುವುದರಿಂದ, ಬೆಟ್ಟದಾಚೆಯ ಮಲೆನಾಡು ನೆನೆದಿರುವಾಗಲೇ ಈಚೆಯ ನಮ್ಮ ಬಯಲು ಒಣಗಿರುವುದು. ಇಲ್ಲಿಯ ಸರಾಸರಿ ಮಳೆ 25 ಅಂಗುಲದ ಆಸುಪಾಸಿನದು. ಅದೂ ವರ್ಷದಿಂದ ವರ್ಷಕ್ಕೆ ಏರುಪೇರಾಗುವಂಥದು.

ಹತ್ತಿರದ ಇನ್ನೊಂದು ಉದಾಹರಣೆಯಿಂದ ಇದು ಸ್ಪಷ್ಟವಾಗುವುದು. ನೆರೆಯ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯು ಸುಮಾರು 4,700 ಅಡಿ ಎತ್ತರದ ಗಿರಿಧಾಮ. ನಾಲ್ವಡಿ ಕೃಷ್ಣರಾಜ ಒಡೆಯರವರಿಗೆ ಪ್ರಿಯವಾಗಿದ್ದ ಆ ಸ್ಥಳದಲ್ಲಿ ಗುಲಾಬಿಯೂ ತಂಪುದೇಶದ ಹೂಗಿಡಗಳೂ ಮಂಜಿನಲ್ಲಿ ಮಿಂದು ನಳನಳಿಸುವುವು. ಹಿರೇನಲ್ಲೂರಿನಿಂದ ಅಲ್ಲಿಗೆ ಒಂದೇ ದಿನದಲ್ಲಿ ಹೋಗಿ ಬರಬಹುದು. ಆದರೆ ಅಲ್ಲಿಯ ಗಿಡವನ್ನು ತಂದು ಇಲ್ಲಿಯ ಏಪ್ರಿಲ್ ಬಿಸಿಲಿಗೆ ಒಡ್ಡಿದರೆ ಅದು ಒಂದು ಬೇಸಗೆಯನ್ನೂ ಕಳೆಯಲಾರದು. ದಾರಿಯ ದೂರವನ್ನು ಅಳೆಯದೆ ಮಳೆಯ ಅಂತರವನ್ನು ಅಳೆಯಬೇಕು.

ಮತ್ತೊಂದು ವಿಷಯ. ಕೊಳವೆಬಾವಿಗಳನ್ನು ಆಳ ಆಳಕ್ಕೆ ಕೊರೆದು ಅಡಿಕೆ ತೆಂಗುಗಳನ್ನು ಉಳಿಸಿಕೊಳ್ಳಲು ರೈತನು ಪಡುವ ಪಾಡು ಈ ಹೋಬಳಿಯಲ್ಲಿ ಯಾರಿಗೂ ಹೊಸದಲ್ಲ. ಬೇರೂರಿದ ಮೇಲೆಯೂ ಬೇಸಗೆಯೆಲ್ಲಾ ನೀರನ್ನು ಬೇಡುವ ಅಲಂಕಾರದ ಮರವು ಇಂತಹ ಊರಿಗೆ ಶೋಭೆಯಲ್ಲ, ಸಾಲ. ಮೊದಲ 2 ಬೇಸಗೆಗಳ ಆರೈಕೆಯ ನಂತರ ಮಳೆಯನ್ನೇ ನಂಬಿ ನಿಲ್ಲಬಲ್ಲ ಮರವೇ ಬಯಲುಸೀಮೆಯ ಮರವೆಂದು ತಿಳಿಯತಕ್ಕದ್ದು.

3. ಲಾಲ್‌ಬಾಗಿನ ಪ್ರಸಿದ್ಧ ಮರಗಳ ಗುಣಾಗುಣಗಳು

ಗಾಜಿನ ಮನೆಯ ಸಮೀಪದಲ್ಲಿ ಗೋಪುರದಂತೆ ನೆಟ್ಟಗೆ ನಿಂತಿರುವ ಅರಕೇರಿಯ ಮರಗಳು ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯ ದ್ವೀಪದವು. ಮನುಷ್ಯರ ಎತ್ತರಕ್ಕೂ ಮೀರಿದ ಹಲಗೆಬೇರುಗಳನ್ನು ಚಾಚಿ ನಿಂತಿರುವ ಬಿಳಿಬೂರುಗದ ವೃಕ್ಷವು ನೋಡಿದವರ ಮನಸ್ಸಿನಿಂದ ಮರೆಯಾಗುವಂಥದಲ್ಲ. ಕಾಂಡದ ಮೇಲೆಯೇ ಹೂಬಿಟ್ಟು, ಹೂವಿನೊಳಗೆ ಶಿವಲಿಂಗದ ಮೇಲೆ ಹೆಡೆ ಬಿಚ್ಚಿದ ಸರ್ಪದಂತೆ ಕಾಣುವ ನಾಗಲಿಂಗಪುಷ್ಪದ ಮರವನ್ನು ನಮ್ಮ ಜನರು ದೇವಾಲಯಗಳಿಗೆ ಬಹಳವಾಗಿ ಬಯಸುವರು. ಅದು ದಕ್ಷಿಣ ಅಮೆರಿಕದ್ದು. ಇವು ಮೂರೂ ನೋಡಿ ಬರತಕ್ಕ ಮರಗಳೇ ಹೊರತು ಬಯಲುಸೀಮೆಯಲ್ಲಿ ಎಲ್ಲೆಂದರಲ್ಲಿ ನೆಡತಕ್ಕವಲ್ಲ. ನಾಗಲಿಂಗವನ್ನು ವರ್ಷವಿಡೀ ಒಸರುವ ಬಾವಿಯೋ ಕಲ್ಯಾಣಿಯೋ ಇರುವಲ್ಲಿ ಮಾತ್ರ ನೆಡಬಹುದು. ಅದರ ಕಾಯಿಗಳು ತೋಪಿನ ಗುಂಡಿನಷ್ಟು ದಪ್ಪವಾಗಿ ಭಾರವಾಗಿರುವುದರಿಂದ ಜನರು ಕುಳಿತುಕೊಳ್ಳುವ ಕಡೆಯಿಂದ ದೂರವಿಡತಕ್ಕದ್ದು.

ಗುಲ್‌ಮೊಹರ್. ಹಳ್ಳಿಗಳಲ್ಲಿ ಕತ್ತಿಕಾಯಿ ಮರವೆಂದು ಕರೆಯುವ ಇದು ಮಡಗಾಸ್ಕರ್ ದ್ವೀಪದ ಕಾಡುಮರ. ಏಪ್ರಿಲ್‌ನಿಂದ ಜೂನ್‌ವರೆಗೆ, ಉಳಿದ ಗಿಡಗಳೆಲ್ಲಾ ಬಾಡಿರುವಾಗ, ಉರಿಯುವ ಕೆಂಡದಂತೆ ಹೂ ತಳೆಯುವುದು. ನೀರಿನ ಅಭಾವವನ್ನು ಚೆನ್ನಾಗಿ ಸಹಿಸುವುದು, ಬೇಗನೆ ಬೆಳೆಯುವುದು. ಇದರ ದೋಷಗಳು ಮೂರು: ಬೇರುಗಳು ನೆಲದ ಮೇಲ್ಭಾಗದಲ್ಲಿಯೇ ಹರಡಿ ಗೋಡೆ ಜಗಲಿಗಳನ್ನು ಎತ್ತುವುವು, ಮರವು ಪೊಳ್ಳಾಗಿ ಗಾಳಿಗೆ ಸುಲಭವಾಗಿ ಮುರಿಯುವುದು, ಬೇಸಗೆಯ ಆದಿಭಾಗದಲ್ಲಿ, ನೆರಳು ಅತ್ಯಂತ ಬೇಕಾದಾಗ, ಎಲೆ ಉದುರಿ ಬೋಳಾಗಿರುವುದು. ಕಟ್ಟಡದಿಂದ ಕನಿಷ್ಠ 30 ಅಡಿ ದೂರದಲ್ಲಿ ಒಂದೆರಡನ್ನು ನೆಟ್ಟರೆ ಸಾಕು. ಸಾಲುಮರವಾಗಿ ಮೈಲುಗಟ್ಟಲೆ ನೆಡತಕ್ಕದ್ದಲ್ಲ.

ಮಳೆಮರ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಈ ಮರವು ಕೊಡೆಯಂತೆ ಅಗಲವಾಗಿ ಹರಡುವುದು. ಸಂಜೆಯಲ್ಲಿ ಎಲೆಗಳನ್ನು ಮುಚ್ಚಿಕೊಳ್ಳುವುದು. ಸಿಹಿಯಾದ ಇದರ ಕಾಯಿಗಳನ್ನು ದನಗಳು ಆಸೆಯಿಂದ ತಿನ್ನುವುವು. ಸಂತೆಯ ಮೈದಾನಕ್ಕೂ ಜಾತ್ರೆಯ ಬಯಲಿಗೂ ಇದು ತಕ್ಕದ್ದು. ಆದರೆ ಇದಕ್ಕೆ ಅರ್ಧ ಗುಂಟೆಯ ಜಾಗವು ಸಾಲದು. ಹೊಲದ ಬದುವಿನ ಮೇಲೆ ನೆಟ್ಟರೆ ಎರಡೂ ಕಡೆಯ ಪೈರು ನೆರಳಿನಲ್ಲಿ ಸೊರಗುವುದು.

ಜಕರಾಂದ ಮತ್ತು ತಬೆಬೂಯ. ಎರಡೂ ಅಮೆರಿಕ ಖಂಡದವು. ಮೊದಲನೆಯದು ನೇರಿಳೆ ಬಣ್ಣದ ಹೂವಿನದು. ಎರಡನೆಯದರಲ್ಲಿ ನಸುಗೆಂಪು ಮತ್ತು ಹಳದಿ ಎಂದು ಬೇರೆ ಬೇರೆ ಜಾತಿಗಳುಂಟು. ಬೆಂಗಳೂರಿನ ತಂಪಿನಲ್ಲಿ ಜಕರಾಂದವು ಹೂಬಿಡುವಷ್ಟು ಹೇರಳವಾಗಿ ಬಿಸಿಬಯಲಿನಲ್ಲಿ ಬಿಡದು. ಹಳದಿ ತಬೆಬೂಯವು ಗಿಡ್ಡಮರವಾಗಿದ್ದು ಬರವನ್ನು ತಾಳುವುದರಿಂದ ಶಾಲೆಯ ಅಂಗಳಕ್ಕೆ ಯೋಗ್ಯವಾದುದು.

ಆಕಾಶಮಲ್ಲಿಗೆ. ಬರ್ಮಾ ಮೊದಲಾದ ಪೂರ್ವದೇಶಗಳದು. ಎತ್ತರವಾಗಿ ನೆಟ್ಟಗೆ ಬೆಳೆದು, ಮಳೆಗಾಲ ಮುಗಿಯುವ ವೇಳೆಗೆ ನೀಳವಾದ ಬಿಳಿಯ ಹೂಗಳನ್ನು ಬಿಟ್ಟು, ಮುಂಜಾನೆ ನೆಲದ ಮೇಲೆ ಹಾಸಿದಂತೆ ಉದುರಿಸುವುದು. ಸುವಾಸನೆ ಬಹಳ. ಬೇರಿನಿಂದ ಮರಿಗಳು ಏಳುವ ಸ್ವಭಾವವಿರುವುದರಿಂದ ಹೊಲದ ಅಂಚಿಗೆ ಸಲ್ಲದು. ಊರ ಬೀದಿಗೆ ಒಪ್ಪುವುದು.

ನೀರುಕಾಯಿ ಮರ. ಆಫ್ರಿಕದ ಈ ಮರವು ಕಿತ್ತಳೆಗೆಂಪಿನ ಬಟ್ಟಲಿನಂತಹ ಹೂಗಳಿಂದ ಕಣ್ಣಿಗೆ ಹಬ್ಬವೇ ಸರಿ. ಆದರೆ ರೆಕ್ಕೆಯುಳ್ಳ ಇದರ ಬೀಜಗಳು ಗಾಳಿಯಲ್ಲಿ ಬಹುದೂರ ಹಾರಿ ಮೊಳೆಯುವುವು. ಪ್ರಪಂಚದ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದರ ಹೆಸರು ಸೇರಿರುವುದು. ಆದುದರಿಂದ ಇದನ್ನು ನೆಡದಿರುವುದೇ ಮೇಲು.

4. ಅಲಂಕಾರಕ್ಕೆ ಬಂದು ಅನರ್ಥವಾದವು

ಬಯಲುಸೀಮೆಯ ರೈತನು ಇಂದು ಕಳೆಯೆಂದು ಶಪಿಸುವ ಗಿಡಗಳಲ್ಲಿ ಕೆಲವು ಒಂದು ಕಾಲದಲ್ಲಿ ತೋಟದ ಹೂಗಿಡಗಳಾಗಿದ್ದವೆಂಬುದು ಅನೇಕರಿಗೆ ತಿಳಿಯದು.

ಲಂಟಾನವು ಉಷ್ಣ ಅಮೆರಿಕದ ಗಿಡ. 19ನೆಯ ಶತಮಾನದ ಆದಿಯಲ್ಲಿ ಅದರ ಬಣ್ಣಬಣ್ಣದ ಹೂಗೊಂಚಲುಗಳಿಗೆ ಮರುಳಾಗಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ತಂದರು. ಬೇಲಿಗೂ ಚೆಲುವಿಗೂ ಎಂದು ಊರೂರಿಗೆ ಕೊಂಡೊಯ್ದರು. ಹಕ್ಕಿಗಳು ಹಣ್ಣನ್ನು ತಿಂದು ಬೀಜವನ್ನು ಕಾಡಿನಲ್ಲೆಲ್ಲಾ ಬಿತ್ತಿದವು. ಇಂದು ಕರ್ನಾಟಕದ ಕಾಡುಗಳಲ್ಲಿ ಹುಲ್ಲನ್ನು ಅಡಗಿಸಿ ಅದು ಬೆಳೆದಿರುವ ಪರಿಯನ್ನು ನೋಡಿದವರು ಹೂವಿನ ಚೆಲುವನ್ನು ಮರೆತೇಬಿಡುವರು. ಬರಗಾಲದಲ್ಲಿ ಹಸಿದ ದನವು ಇದರ ಎಲೆಯನ್ನು ತಿಂದರೆ ಪಿತ್ತಕೋಶ ಕೆಟ್ಟು, ಬಿಸಿಲಿಗೆ ಮೈಚರ್ಮವು ಬೆಂದಂತಾಗಿ, ಕೆಲವೊಮ್ಮೆ ಪ್ರಾಣವನ್ನೇ ಬಿಡುವುದು.

ನೀರಿನ ಮೇಲೆ ತೇಲುತ್ತ ನೇರಿಳೆ ಹೂಬಿಡುವ, ಜನರು ಅಂತರಗಂಗೆಯೆಂದು ಕರೆಯುವ ಗಿಡವು ದಕ್ಷಿಣ ಅಮೆರಿಕದಿಂದ ಕೊಳಗಳ ಶೋಭೆಗಾಗಿ ಬಂದುದು. ಕೆರೆಯ ಮೇಲೆ ಒಮ್ಮೆ ಹೊದಿಕೆಯಂತೆ ಹರಡಿದರೆ ತೂಬನ್ನು ಕಟ್ಟಿಸಿ, ಮೀನುಗಳಿಗೆ ಉಸಿರುಕಟ್ಟಿಸುವುದು. ಮನೆಯ ತೊಟ್ಟಿಯಲ್ಲಿ ಚೆಂದಕ್ಕೆಂದು ಬೆಳೆಸಿದ ಒಂದು ಗಿಡವನ್ನು ಬೇಡವಾದಾಗ ಕೆರೆಗೆ ಎಸೆದರೆ ಸಾಕು. ಮುಂದಿನ ವರ್ಷ ಊರೇ ಕೂಡಿ ಅದನ್ನು ಎಳೆಯಬೇಕಾಗುವುದು. ಅಯ್ಯನಕೆರೆ, ಮದಗದ ಕೆರೆಗಳಂತಹ ಹಿರಿಯರ ಆಸ್ತಿಯನ್ನು ಪಡೆದಿರುವ ತಾಲ್ಲೂಕಿನ ಜನರು ಈ ವಿಷಯದಲ್ಲಿ ವಿಶೇಷವಾಗಿ ಎಚ್ಚರವಾಗಿರತಕ್ಕದ್ದು.

ಇತ್ತೀಚಿನ ಉದಾಹರಣೆಯು ಹಳದಿ ಸೆನ್ನ ಎಂಬ ಅಮೆರಿಕದ ಹೂಮರ. ನೆರಳಿಗೂ ಹೂವಿಗೂ ನೆಟ್ಟ ಈ ಮರವು ಬಂಡೀಪುರ, ನಾಗರಹೊಳೆ, ವಯನಾಡು ಕಾಡುಗಳೊಳಗೆ ನುಗ್ಗಿ, ಕಡಿದರೂ ಬುಡದಿಂದ ಮತ್ತೆ ಚಿಗುರಿ, ಅರಣ್ಯಾಧಿಕಾರಿಗಳಿಗೆ ದೊಡ್ಡ ಚಿಂತೆಯಾಗಿರುವುದು. ದೂರದಿಂದ ನೋಡುವವರು ಇದನ್ನು ನಮ್ಮ ಕಕ್ಕೆಯೆಂದು ಭ್ರಮಿಸುವುದುಂಟು. ವ್ಯತ್ಯಾಸವನ್ನು ಹೀಗೆ ತಿಳಿಯಬಹುದು: ಕಕ್ಕೆಯ ಹೂಗೊಂಚಲು ಕೆಳಮುಖವಾಗಿ ತೂಗಾಡುವುದು, ಇದರದು ಕೊಂಬೆಯ ತುದಿಯಲ್ಲಿ ಮೇಲ್ಮುಖವಾಗಿ ನಿಲ್ಲುವುದು, ಕಕ್ಕೆಯ ಎಲೆದಳಗಳು ಅಗಲವಾಗಿ ಕೆಲವೇ ಜೊತೆಗಳಿರುವುವು, ಇದರವು ಕಿರಿದಾಗಿ 10ಕ್ಕೂ ಹೆಚ್ಚು ಜೊತೆಗಳಿರುವುವು. ಸಸಿಯನ್ನು ಕೊಳ್ಳುವಾಗ ಹೂವಿನ ಬಣ್ಣವನ್ನು ಕೇಳಿ ಕೊಳ್ಳದೆ, ಎಲೆಯನ್ನು ನೋಡಿ ಕೊಳ್ಳಬೇಕು.

5. ನಮ್ಮ ನೆಲದ ಹೂಮರಗಳು

ಹೊರನಾಡಿನ ಮರಗಳ ಚೆಲುವನ್ನು ಕಂಡು ನಾವು ನಮ್ಮಲ್ಲಿಯೇ ಇರುವುದನ್ನು ಕಡೆಗಣಿಸಬಾರದು. ಕೆಳಗಿನ ಮರಗಳು ಈ ಸೀಮೆಯ ಬಿಸಿಲಿಗೂ ಬರಕ್ಕೂ ತಲೆಮಾರುಗಳಿಂದ ಒಗ್ಗಿದವು.

ಕಕ್ಕೆ. ಬೇಸಗೆಯಲ್ಲಿ ಬಂಗಾರದ ಸರಗಳಂತೆ ಹೂ ತೂಗುವುದು. ಗಾತ್ರದಲ್ಲಿ ಸಣ್ಣದು, ಬೇರು ಗೋಡೆಯನ್ನು ಬಾಧಿಸದು, ದನ ಮೇಕೆಗಳು ಸಾಮಾನ್ಯವಾಗಿ ಮೇಯವು. ಶಾಲೆ, ಚಾವಡಿ, ಮನೆಯಂಗಳಗಳಿಗೆ ಇದಕ್ಕಿಂತ ಉತ್ತಮವಾದ ಹೂಮರವಿಲ್ಲ.

ಮುತ್ತುಗ. ಎರೆಯಲ್ಲಿಯೂ ಸವುಳುನೆಲದಲ್ಲಿಯೂ ಬರುವ ಮರ. ಫೆಬ್ರವರಿ ಮಾರ್ಚ್‌ಗಳಲ್ಲಿ ಎಲೆಯಿಲ್ಲದ ಕೊಂಬೆಗಳ ಮೇಲೆ ಹೂವು ಬೆಂಕಿಯಂತೆ ಹೊತ್ತಿಕೊಳ್ಳುವುದು. ಎಲೆಯು ಊಟಕ್ಕೂ ಕಡ್ಡಿಯು ಹೋಮಕ್ಕೂ ಒದಗುವುದು. ಬೆಳವಣಿಗೆ ನಿಧಾನ, ಬೇರೆ ಮರ ನಿಲ್ಲದ ಜಾಗಕ್ಕೆ ಇದನ್ನೇ ಆರಿಸತಕ್ಕದ್ದು.

ಹೊಂಗೆ. ಇದರ ನೆರಳಿನ ತಂಪನ್ನು ರೈತನಿಗೆ ಹೇಳಿಕೊಡಬೇಕಾದುದಿಲ್ಲ. ಯುಗಾದಿಯ ವೇಳೆಗೆ ಹೊಳೆಯುವ ಚಿಗುರೂ, ಬೆನ್ನಲ್ಲಿಯೇ ನಸುನೇರಿಳೆ ಹೂವೂ ಬರುವುವು. ಸೊಪ್ಪು ಗೊಬ್ಬರಕ್ಕೆ, ಬೀಜ ಎಣ್ಣೆಗೆ, ಹೂ ಜೇನಿಗೆ. ಅಲಂಕಾರವೂ ಆದಾಯವೂ ಒಂದೇ ಮರದಲ್ಲಿ ಕೂಡಿರುವ ಉದಾಹರಣೆ ಇದು.

ಹೊಳೆದಾಸವಾಳ. ಹೆಸರೇ ಹೇಳುವಂತೆ ನೀರಿನ ಪಕ್ಕದ ಮರ. ನೇರಿಳೆ ಹೂಗೊಂಚಲುಗಳು ಬೇಸಗೆಯಲ್ಲಿ ಬರುವುವು. ಕೆರೆಯ ಹಿನ್ನೀರಿನ ಅಂಚಿಗೂ ಹಳ್ಳದ ದಡಕ್ಕೂ ಹೊಂದುವುದು; ಒಣನೆಲಕ್ಕೆ ಸಲ್ಲದು.

ಹಾಲುವಾಣ, ಬೂರುಗ, ಬೇವು, ಪಾರಿಜಾತಗಳನ್ನೂ ಈ ಪಟ್ಟಿಗೆ ಸೇರಿಸಬಹುದು. ಸಂಪಿಗೆ ಮತ್ತು ರೆಂಜೆಗಳು ದೇವಾಲಯಕ್ಕೆ ಶ್ರೇಷ್ಠವಾದರೂ ಮೊದಲ ಕೆಲವು ವರ್ಷ ನೀರನ್ನು ಬೇಡುವುದರಿಂದ ಬಾವಿಯ ಬಳಿಯಲ್ಲಿಯೇ ಇವುಗಳ ಸ್ಥಾನ.

ಗಿಡಗಳಲ್ಲಿ ದಾಸವಾಳ, ನಂದಿಬಟ್ಟಲು, ರತ್ನಗಂಧಿ, ದೇವಕಣಗಿಲೆ, ಗೋರಂಟೆ, ಕಾಗದದ ಹೂ ಇವು ಅಲ್ಪ ನೀರಿನಲ್ಲಿ ಬರುವುವು. ಕಲ್ಲುನೆಲದ ಅಂಚಿಗೆ ನಮ್ಮದೇ ಆದ ತಂಗಡಿಯು ಸಾಕು. ವರ್ಷದಲ್ಲಿ ಬಹುಕಾಲ ಹಳದಿ ಹೂವಿನಿಂದ ತುಂಬಿರುವುದು, ದನ ಮುಟ್ಟದು, ಆರೈಕೆ ಬೇಡದು. ಕಣಗಿಲೆ ಮತ್ತು ಹಳದಿ ಕಣಗಿಲೆಗಳ ಸರ್ವಾಂಗವೂ ವಿಷ. ಅವುಗಳನ್ನು ದನದ ಕೊಟ್ಟಿಗೆ, ಶಾಲೆ, ಕುಡಿಯುವ ನೀರಿನ ತೊಟ್ಟಿ ಇವುಗಳ ಬಳಿ ನೆಡಲೇಬಾರದು. ಸವರಿದ ಕೊಂಬೆಗಳನ್ನು ಮೇವಿನ ರಾಶಿಯ ಹತ್ತಿರ ಎಸೆಯಲೂಬಾರದು.

6. ವರ್ಷವಿಡೀ ಹೂವು: ಕೃಂಬಿಗಲ್ಲರ ಕ್ರಮ

ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸುವಾಗ ಕೃಂಬಿಗಲ್ಲರು ಒಂದು ಜಾಣತನದ ಕ್ರಮವನ್ನು ಅನುಸರಿಸಿದರು. ಒಂದು ಜಾತಿಯ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಜಾತಿಯು ಅರಳುವಂತೆ ನೆಡಿಸಿದುದರಿಂದ, ಯಾವ ತಿಂಗಳಲ್ಲಿ ನೋಡಿದರೂ ನಗರದ ಒಂದಲ್ಲ ಒಂದು ಬೀದಿ ಹೂವಿನಿಂದ ತುಂಬಿರುವುದು. ಲಾಲ್‌ಬಾಗಿನಿಂದ ಹಳ್ಳಿಗೆ ತರಬೇಕಾದ ಅತ್ಯಂತ ಬೆಲೆಯುಳ್ಳ ವಸ್ತು ಯಾವ ಸಸಿಯೂ ಅಲ್ಲ, ಈ ಕ್ರಮವೇ. ಇದನ್ನು ನಮ್ಮ ಮರಗಳಿಂದಲೇ ಸಾಧಿಸಬಹುದು:

ಜನವರಿ, ಫೆಬ್ರವರಿ: ಹಾಲುವಾಣ, ಬೂರುಗ, ತಿಂಗಳ ಕೊನೆಗೆ ಮುತ್ತುಗ.
ಮಾರ್ಚ್, ಏಪ್ರಿಲ್: ಮುತ್ತುಗ, ಬೇವು, ಹೊಂಗೆ, ತಬೆಬೂಯ.
ಏಪ್ರಿಲ್‌ನಿಂದ ಜೂನ್: ಕಕ್ಕೆ, ಹೊಳೆದಾಸವಾಳ, ಗುಲ್‌ಮೊಹರ್, ದೇವಕಣಗಿಲೆ.
ಜುಲೈ, ಆಗಸ್ಟ್: ಸಂಪಿಗೆ, ನಂದಿಬಟ್ಟಲು, ರತ್ನಗಂಧಿ, ದಾಸವಾಳ.
ಸೆಪ್ಟೆಂಬರ್, ಅಕ್ಟೋಬರ್: ಪಾರಿಜಾತ, ತಂಗಡಿ.
ನವೆಂಬರ್, ಡಿಸೆಂಬರ್: ಆಕಾಶಮಲ್ಲಿಗೆ, ಗೋರಂಟೆ, ಕಾಗದದ ಹೂ.

ಮಳೆಯು ಹಿಂದುಮುಂದಾದಂತೆ ಹೂವೂ ಒಂದೆರಡು ವಾರ ಹಿಂದುಮುಂದಾಗುವುದು. ಈ ಕ್ರಮದಿಂದ ದೇವರ ಪೂಜೆಗೆ ಹೂ ದೊರೆಯುವುದಲ್ಲದೆ, ಜೇನುನೊಣಗಳಿಗೆ ವರ್ಷವಿಡೀ ಆಹಾರ ದೊರೆತು, ಸುತ್ತಣ ತೆಂಗು, ಹುಚ್ಚೆಳ್ಳು, ಸೂರ್ಯಕಾಂತಿ ಮೊದಲಾದ ಬೆಳೆಗಳ ಫಲಕ್ಕೂ ಸಹಾಯವಾಗುವುದು.

7. ಎಲ್ಲಿ ನೆಡಬೇಕು, ಎಲ್ಲಿ ನೆಡಬಾರದು

ಕೆರೆಯ ಏರಿಯ ಮೇಲೆ ದೊಡ್ಡ ಮರಗಳನ್ನು ನೆಡಕೂಡದು. ಬೇರು ಏರಿಯ ಮಣ್ಣನ್ನು ಬಿಗಿಹಿಡಿಯುವುದೆಂಬ ನಂಬಿಕೆಯುಂಟು; ಆದರೆ ಮರವು ಸತ್ತ ಮೇಲೆ ಬೇರು ಕೊಳೆತು ಆದ ಪೊಟರೆಯೇ ನೀರು ಜಿನುಗುವ ದಾರಿಯಾಗಿ, ಏರಿ ಒಡೆಯುವುದಕ್ಕೆ ಕಾರಣವಾಗಬಹುದು. ಬಿರುಗಾಳಿಗೆ ಮರವು ಬುಡಸಹಿತ ಕಿತ್ತುಬಂದರೂ ಅದೇ ಅಪಾಯ. ಏರಿಗೆ ಹುಲ್ಲೇ ಸರಿ. ಮರಗಳಿಗೆ ಹಿನ್ನೀರಿನ ಅಂಚು ಸರಿ.

ಕಾವಲುಗಳಲ್ಲಿಯೂ ಹೂಮರಗಳನ್ನು ನೆಡತಕ್ಕದ್ದಲ್ಲ. ಅಮೃತಮಹಲ್ ರಾಸುಗಳ ಕೀರ್ತಿಯು ಈ ಸೀಮೆಯ ಹುಲ್ಲುಗಾವಲುಗಳಿಂದ ಬಂದುದು. ಹುಲ್ಲುಗಾವಲು ಪಾಳುನೆಲವಲ್ಲ, ಅದರಲ್ಲಿ ಮರ ದಟ್ಟವಾದರೆ ಹುಲ್ಲು ಅಳಿಯುವುದು. ನಮ್ಮ ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವಾಗಿ ಘೋಷಿಸಿದುದು ಅಲ್ಲಿಯ ಕೃಷ್ಣಮೃಗಗಳ ರಕ್ಷಣೆಗಾಗಿ. ಆ ಪ್ರಾಣಿಗೆ ಬಯಲೇ ಮನೆ.

ವಿದ್ಯುತ್ತಿನ ತಂತಿಗಳ ಕೆಳಗೆ ಎತ್ತರದ ಮರಗಳನ್ನು ನೆಟ್ಟರೆ ಪ್ರತಿವರ್ಷವೂ ಅವುಗಳ ತಲೆ ಕಡಿಯಬೇಕಾಗಿ ಮರವು ವಿಕಾರವಾಗುವುದು. ಅಲ್ಲಿ ದೇವಕಣಗಿಲೆ, ಪಾರಿಜಾತಗಳು ಸಾಕು. ನೆಡುವ ಮೊದಲೇ ಸ್ಥಳವನ್ನು ಯೋಚಿಸುವುದು ಇನ್ನೊಂದು ಕಾರಣದಿಂದಲೂ ಅವಶ್ಯಕ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ, ಬೆಳೆದ ಮರವನ್ನು ಕಡಿಯುವುದಕ್ಕೆ ಅನೇಕ ಸಂದರ್ಭಗಳಲ್ಲಿ ವೃಕ್ಷಾಧಿಕಾರಿಗಳ ಅನುಮತಿಯನ್ನು ಪಡೆಯಬೇಕಾಗುವುದು.

8. ನೆಡುವ ಮತ್ತು ಸಾಕುವ ವಿಧಾನ

ಏಪ್ರಿಲ್ ತಿಂಗಳಲ್ಲಿ 3 ಅಡಿ ಉದ್ದ, ಅಗಲ, ಆಳದ ಗುಂಡಿಗಳನ್ನು ತೋಡಿ ಬಿಸಿಲಿಗೆ ಬಿಡಬೇಕು. ತೋಡುವಾಗ ಮೇಲ್ಮಣ್ಣನ್ನೂ ಒಳಮಣ್ಣನ್ನೂ ಬೇರೆ ಬೇರೆಯಾಗಿ ಹಾಕಿಕೊಂಡು, ಮೇಲ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ ಗುಂಡಿಯನ್ನು ತುಂಬಬೇಕು. ಒಂದೆರಡು ಹದವಾದ ಮಳೆಯಾಗಿ ತುಂಬಿದ ಮಣ್ಣು ಕುಳಿತ ಬಳಿಕ, ಮೋಡವಿರುವ ದಿನದ ಸಂಜೆಯಲ್ಲಿ ಸಸಿಯನ್ನು ನೆಡತಕ್ಕದ್ದು. ಪ್ಲಾಸ್ಟಿಕ್ ಚೀಲದ ಸಸಿಯಾದರೆ ಚೀಲವನ್ನು ಪೂರ್ತಿಯಾಗಿ ಸೀಳಿ ತೆಗೆಯಬೇಕು. ಸುರುಳಿ ಸುತ್ತಿಕೊಂಡ ಬೇರುಗಳಿದ್ದರೆ ಬಿಡಿಸಬೇಕು ಅಥವಾ ಕತ್ತರಿಸಬೇಕು. ಹಾಗೆಯೇ ನೆಟ್ಟ ಮರವು ಹತ್ತು ವರ್ಷ ಬೆಳೆದೂ ಒಂದು ಗಾಳಿಗೆ ಉರುಳಬಹುದು.

ಹೊಂಗೆ ಮತ್ತು ಮುತ್ತುಗದ ಹೊಸ ಬೀಜಗಳನ್ನು ಮಳೆಗಾಲದ ಆರಂಭದಲ್ಲಿ ಸ್ಥಳದಲ್ಲಿಯೇ ಬಿತ್ತಬಹುದು. ಕಕ್ಕೆ ಮತ್ತು ಗುಲ್‌ಮೊಹರಿನ ಬೀಜಗಳ ಸಿಪ್ಪೆ ಗಟ್ಟಿ. ಬೀಜದ ಒಂದು ಬದಿಯನ್ನು ಒರಟುಕಲ್ಲಿಗೆ ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ ಬಿತ್ತಿದರೆ ಬೇಗನೆ ಮೊಳೆಯುವುವು. ಹಾಲುವಾಣವು ಕೊಂಬೆಯನ್ನು ನೆಟ್ಟರೆ ಬರುವುದು. ದೇವಕಣಗಿಲೆಯ ತುಂಡನ್ನು ಕೆಲವು ದಿನ ನೆರಳಿನಲ್ಲಿಟ್ಟು, ಕತ್ತರಿಸಿದ ಕಡೆಯ ಹಾಲು ಆರಿದ ಮೇಲೆ ನೆಡತಕ್ಕದ್ದು.

ಸಸಿಯ ಸುತ್ತ ತಟ್ಟೆಯಂತೆ ಪಾತಿಮಾಡಿ, ಮಳೆ ನಿಂತ ಮೇಲೆ ಒಣ ತರಗನ್ನು 3 ಅಂಗುಲ ದಪ್ಪಕ್ಕೆ ಹೊದಿಸಬೇಕು. ಬೇಸಗೆಯಲ್ಲಿ ದಿನವೂ ಒಂದು ಚೊಂಬು ನೀರು ಹಾಕುವುದಕ್ಕಿಂತ ವಾರಕ್ಕೊಮ್ಮೆ 2 ಕೊಡ ಹಾಕುವುದು ಮೇಲು, ಬೇರು ಆಳಕ್ಕಿಳಿಯುವುದು. ಬುಡದ ಪಕ್ಕದಲ್ಲಿ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿಟ್ಟರೆ ಅದರ ಮೈಯಿಂದ ಒಸರುವ ನೀರೇ ಹಲವು ದಿನ ಸಸಿಯನ್ನು ಕಾಪಾಡುವುದು. ಮೇಕೆಗಳಿಂದ ರಕ್ಷಿಸಲು ಜಾಲಿಯ ಮುಳ್ಳನ್ನು ಕಟ್ಟುವುದು ಹಳೆಯ ಪದ್ಧತಿಯಾದರೂ ಇಂದಿಗೂ ಅದನ್ನು ಮೀರಿಸಿದುದಿಲ್ಲ.

ಮುಕ್ತಾಯ

ಮೇಲ್ಕಂಡ ವಿಷಯಗಳ ಸಾರವನ್ನು ಗ್ರಾಮಮುಖಂಡರು ನಾಲ್ಕು ಪ್ರಶ್ನೆಗಳಾಗಿ ನೆನಪಿಡಬಹುದು. ತರುವ ಮರವು ಎರಡು ಬೇಸಗೆಯ ತರುವಾಯ ಮಳೆಯಿಂದಲೇ ಬದುಕುವುದೇ? ದನಕರುಗಳಿಗೂ ಮಕ್ಕಳಿಗೂ ನಿರಪಾಯವಾದುದೇ? ಅದರ ಬೇರೂ ಕೊಂಬೆಯೂ ನೆಟ್ಟ ಜಾಗದಲ್ಲಿ ಹಿಡಿಸುವುವೇ? ಅದರ ಬೀಜವು ಬೇಲಿಯೊಳಗೇ ನಿಲ್ಲುವುದೇ? ನಾಲ್ಕಕ್ಕೂ ಹೌದೆಂಬ ಉತ್ತರ ದೊರೆತರೆ ಮಡಗಾಸ್ಕರಿನ ಮರವಾದರೂ ನಮ್ಮೂರಿಗೆ ಸ್ವಾಗತಾರ್ಹವೇ. ಒಂದಕ್ಕೆ ಇಲ್ಲವೆಂದಾದರೂ ಎಷ್ಟು ಚೆಲುವಿನದಾದರೂ ಅದನ್ನು ಲಾಲ್‌ಬಾಗಿನಲ್ಲಿಯೇ ನೋಡಿ ಬರುವುದು ಕ್ಷೇಮ.

ಸಸಿಗಳು ತೋಟಗಾರಿಕೆ ಮತ್ತು ಅರಣ್ಯ ಇಲಾಖೆಗಳ ಸಸ್ಯಕ್ಷೇತ್ರಗಳಲ್ಲಿ ದೊರೆಯುವುವು. ಬೇಕಾದ ಜಾತಿಯನ್ನೂ ಸಂಖ್ಯೆಯನ್ನೂ ಮಳೆಗಾಲಕ್ಕೆ ಮುಂಚಿತವಾಗಿಯೇ ತಿಳಿಸಿದರೆ ಅನುಕೂಲ. ಪ್ರತಿ ಗ್ರಾಮದಲ್ಲಿಯೂ ಈ ವರ್ಷ ನೂರು ಸಸಿಗಳನ್ನು ನೆಟ್ಟು ತೊಂಬತ್ತನ್ನು ಕಳೆದುಕೊಳ್ಳುವುದಕ್ಕಿಂತ, ಹನ್ನೆರಡನ್ನು ನೆಟ್ಟು ಒಂದೊಂದನ್ನು ಒಂದೊಂದು ಮನೆಯವರ ಹೆಸರಿಗೆ ಪಂಚಾಯತಿಯ ಪುಸ್ತಕದಲ್ಲಿ ಬರೆದುಕೊಂಡು, ಹನ್ನೆರಡನ್ನೂ ಉಳಿಸಿಕೊಳ್ಳುವುದು ಲೇಸು. ತಿಂಗಳಿಗೊಂದು ಮರವು ಹೂಬಿಡುವಂತೆ ಆರಿಸಿದ ಹನ್ನೆರಡು ಮರಗಳು ಒಂದು ಹಳ್ಳಿಗೆ ಸಾಲುವಷ್ಟು ದೊಡ್ಡ ಉದ್ಯಾನವೇ ಆಗಿರುವುವು.